ಪಟ್ಟಣದ ಕಸವೂ ಹಳ್ಳಿಯ ಹೊಲವೂ



ಹೊಲದಲ್ಲಿ ಬೆಳೆದ ರಾಗಿ, ಅವರೆ, ಸೊಪ್ಪು, ತರಕಾರಿ, ಹಣ್ಣುಗಳು ದಿನವೂ ಪಟ್ಟಣಕ್ಕೆ ಹೋಗುತ್ತವೆ. ಅವುಗಳೊಡನೆ ಭೂಮಿಯ ಸಾರವೂ ಹೋಗುತ್ತದೆ. ಹಣವೇನೋ ಹಳ್ಳಿಗೆ ಬರುತ್ತದೆ, ಸಾರವು ಹಿಂದಿರುಗುವುದಿಲ್ಲ. ಅದು ಪಟ್ಟಣದ ಅಡಿಗೆಮನೆಗಳಲ್ಲಿ ಸಿಪ್ಪೆಯಾಗಿ, ತೊಟ್ಟಾಗಿ, ಎಂಜಲಾಗಿ ಉಳಿದು, ಕಸವೆಂಬ ಹೆಸರನ್ನು ಪಡೆದು ಬೀದಿಗೆ ಬೀಳುತ್ತದೆ. ಈ ಕಸವನ್ನು ಮರಳಿ ಹೊಲಕ್ಕೆ ಸೇರಿಸುವ ಕ್ರಮವಾವುದು, ಯಾವ ಕಸವನ್ನು ಸ್ವೀಕರಿಸಬಹುದು, ಯಾವುದನ್ನು ಊರಿನ ಎಲ್ಲೆಯೊಳಕ್ಕೆ ಬಿಡಲಾಗದು ಎಂಬುದೇ ಈ ಉಪನ್ಯಾಸದ ವಿಷಯ. ಪಟ್ಟಣಕ್ಕೆ ಸಮೀಪದಲ್ಲಿರುವ ಹಳ್ಳಿಗಳವರಿಗೆ ಇದು ಕೇವಲ ಲಾಭದ ಮಾತಲ್ಲ. ಬಾವಿ ಕೆರೆಗಳ ಉಳಿವಿನ ಮಾತೂ ಅಹುದು.

ಹಿಂದಿನ ಕಸ, ಇಂದಿನ ಕಸ

1941ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆಯು ಸುಮಾರು 4 ಲಕ್ಷವಾಗಿದ್ದಿತು. 2011ರ ಗಣತಿಯ ವೇಳೆಗೆ ಅದು 84 ಲಕ್ಷಕ್ಕೆ ಏರಿತು. ಜನವು ಇಪ್ಪತ್ತು ಪಾಲಿಗೂ ಹೆಚ್ಚಾಗಿ ಬೆಳೆದ ಮೇಲೆ ಕಸವೂ ಬೆಳೆಯುವುದು ಸಹಜವೇ. ಆದರೆ ಬದಲಾದದ್ದು ಕಸದ ಪ್ರಮಾಣವೊಂದೇ ಅಲ್ಲ, ಅದರ ಜಾತಿಯೂ ಬದಲಾಯಿತು. ರೈತರು ಮುಖ್ಯವಾಗಿ ಗಮನಿಸಬೇಕಾದದ್ದು ಈ ಎರಡನೆಯ ಸಂಗತಿಯನ್ನೇ.

ಹಿಂದೆ ಪಟ್ಟಣದ ಮನೆಯೊಂದರಿಂದ ಹೊರಬೀಳುತ್ತಿದ್ದ ಕಸವೆಂದರೆ ಸೌದೆ ಒಲೆಯ ಬೂದಿ, ಊಟದ ಎಲೆ, ತರಕಾರಿಯ ಸಿಪ್ಪೆ, ಅಂಗಳದ ತರಗು. ಜಟಕಾ ಕುದುರೆಗಳ ಲದ್ದಿಯೂ ಗಾಡಿಯ ಎತ್ತುಗಳ ಸಗಣಿಯೂ ಬೀದಿಯಲ್ಲಿ ಅದಕ್ಕೆ ಸೇರುತ್ತಿದ್ದವು. ಗಾಜಿನ ಸೀಸೆ, ತಗಡಿನ ಡಬ್ಬಿ, ಹಳೆಯ ಕಾಗದಗಳಿಗೆ ಬೆಲೆಯಿದ್ದುದರಿಂದ ಅವು ಬೀದಿಗೆ ಬರುತ್ತಿದ್ದುದು ಅಪರೂಪ. ಆದಕಾರಣ ಅಂದಿನ ಕಸದಲ್ಲಿ ಬಹುಭಾಗವು ಮಣ್ಣಿನಲ್ಲಿ ಕೊಳೆತು ಮಣ್ಣಾಗತಕ್ಕದ್ದೇ ಆಗಿತ್ತು. ಇಂದಾದರೋ ಅದೇ ಸಿಪ್ಪೆಯೊಡನೆ ಪ್ಲಾಸ್ಟಿಕ್ ಚೀಲ, ಬಿಸ್ಕತ್ತಿನ ಪೊಟ್ಟಣ, ಒಡೆದ ಗಾಜು, ಬ್ಲೇಡು, ಟಾರ್ಚಿನ ಸೆಲ್ಲು, ಟ್ಯೂಬ್‌ಲೈಟು, ಔಷಧದ ಸೂಜಿ, ಮಕ್ಕಳ ಡೈಪರು ಇವೆಲ್ಲವೂ ಒಂದೇ ಬುಟ್ಟಿಯಲ್ಲಿ ಕೂಡಿ ಬರುತ್ತವೆ. ಈಗಲೂ ಮನೆಯ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕೊಳೆಯುವ ಪದಾರ್ಥವೇ. ಕೇಡು ಬಂದಿರುವುದು ಬೆರಕೆಯಿಂದ.

ಕಸವನ್ನು ಗೊಬ್ಬರವಾಗಿಸುವ ಶಾಸ್ತ್ರವು ನಮ್ಮ ದೇಶದಲ್ಲಿಯೇ ಪುಷ್ಟಿಗೊಂಡದ್ದು. 1924ರಿಂದ 1931ರವರೆಗೆ ಇಂದೂರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಆಲ್ಬರ್ಟ್ ಹೋವರ್ಡ್ ಅವರು ಹಳ್ಳಿಯ ತಿಪ್ಪೆಯನ್ನೇ ಮೂಲವಾಗಿಟ್ಟುಕೊಂಡು ಒಂದು ಕ್ರಮವನ್ನು ರೂಪಿಸಿದರು. ಅದನ್ನು ಹೋವರ್ಡ್ ಮತ್ತು ಯಶವಂತ ವಾಡ್ ಅವರ ಗ್ರಂಥವು 1931ರಲ್ಲಿ ಲೋಕಕ್ಕೆ ತಿಳಿಸಿತು. ಇದೇ ಇಂದೂರು ಪದ್ಧತಿ. ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಪಟ್ಟಣಗಳ ಕಸಕ್ಕೆ ಒಪ್ಪುವಂತಹ ಬೇರೊಂದು ಕ್ರಮವನ್ನು 1939ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ದೇಶವಿದೇಶಗಳ ಕೃಷಿಗ್ರಂಥಗಳಲ್ಲಿ ಬೆಂಗಳೂರು ಪದ್ಧತಿ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಬೆಂಗಳೂರಿನಲ್ಲಿ ಸ್ಥಾಪಿತವಾಗಿ, ನಗರದ ಕಸದಿಂದ ಗೊಬ್ಬರವನ್ನು ಮಾಡಿ ರೈತರಿಗೆ ಮಾರಲು ತೊಡಗಿತು. ಹೀಗೆ ವಿದ್ಯೆಯೂ ಇದೆ, ಕಸವೂ ಹೇರಳವಾಗಿದೆ. ಹೀಗಿದ್ದೂ ಕಸದ ಬಹುಪಾಲು ಗೊಬ್ಬರವಾಗದೆ ಹಳ್ಳಿಗಳ ಮಗ್ಗುಲಲ್ಲಿ ಗುಡ್ಡವಾಗಿ ಬಿದ್ದಿತು.

ಎರಡು ಊರುಗಳಿಂದ ಕಲಿಯಬೇಕಾದ ಪಾಠ

ಬೆಂಗಳೂರಿನ ಉತ್ತರಕ್ಕಿರುವ ಮಾವಳ್ಳಿಪುರ, ಪೂರ್ವಕ್ಕಿರುವ ಮಂಡೂರು, ಈ ಎರಡು ಗ್ರಾಮಗಳ ಹೆಸರನ್ನು ಕೇಳದವರು ಈ ಪ್ರಾಂತದಲ್ಲಿ ವಿರಳ. ವರ್ಷಗಟ್ಟಲೆ ನಗರದ ಬೆರಕೆ ಕಸವು ಲಾರಿಗಳಲ್ಲಿ ಬಂದು ಅಲ್ಲಿ ಬಿದ್ದಿತು. ಮಳೆಯ ನೀರು ಕಸದ ರಾಶಿಯೊಳಕ್ಕೆ ಇಳಿದು, ಕೊಳೆತದ್ದರ ಸಾರವನ್ನೂ ಲೋಹಗಳ ಅಂಶವನ್ನೂ ಹೀರಿಕೊಂಡು, ಕಪ್ಪು ಕೊಳೆನೀರಾಗಿ ತಳದಿಂದ ಹೊರಡುತ್ತದೆ. ಇದನ್ನೇ ಲೀಚೇಟ್ ಎನ್ನುವರು. ಇದು ನೆಲದ ಇಳಿಜಾರನ್ನು ಹಿಡಿದು ಹಳ್ಳಕ್ಕೂ ಕೆರೆಗೂ ಹರಿಯುತ್ತದೆ. ನೆಲದೊಳಕ್ಕೆ ಇಂಗಿ ಬಾವಿಗಳನ್ನು ಮುಟ್ಟುತ್ತದೆ. ಗಾಳಿಯಾಡದ ರಾಶಿಯ ಒಳಗೆ ಹುಟ್ಟುವ ಅನಿಲಕ್ಕೆ ಕಿಡಿ ತಗುಲಿದರೆ ದಿನಗಟ್ಟಲೆ ಆರದ ಬೆಂಕಿಯೇಳುತ್ತದೆ. ನೊಣ, ದುರ್ವಾಸನೆ, ಬೀದಿನಾಯಿಗಳ ಹಿಂಡು ಇವುಗಳ ವಿಚಾರವನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ.

ನೀರು ಕೆಟ್ಟಿತೆಂದೂ ಆರೋಗ್ಯ ಹದಗೆಟ್ಟಿತೆಂದೂ ಮಾವಳ್ಳಿಪುರದ ಸುತ್ತಿನ ಜನರು ದೂರಿತ್ತ ಮೇಲೆ 2012ರಲ್ಲಿ ಅಲ್ಲಿಗೆ ಕಸ ತರುವುದನ್ನು ನಿಲ್ಲಿಸಲಾಯಿತು. ಕೂಡಲೇ ನಗರದ ಬೀದಿಗಳಲ್ಲಿ ಕಸವು ರಾಶಿಬಿದ್ದು ಹಾಹಾಕಾರವಾಯಿತು. ಅದೇ ವರ್ಷದ ಕೊನೆಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಪ್ರತಿಯೊಂದು ಮನೆಯಲ್ಲಿಯೂ ಹಸಿ ಕಸ ಒಣ ಕಸಗಳನ್ನು ಬೇರ್ಪಡಿಸಿಯೇ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಮಂಡೂರಿನವರು 2014ರಲ್ಲಿ ಪ್ರತಿಭಟಿಸಲಾಗಿ ಆ ವರ್ಷದ ಕೊನೆಗೆ ಅಲ್ಲಿಗೂ ಕಸದ ಸಾಗಾಣಿಕೆ ನಿಂತಿತು. ಆ ಬಳಿಕ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಡೆಯ ಹಳೆಯ ಕಲ್ಲುಕ್ವಾರಿಗಳು ಕಸವನ್ನು ತುಂಬುವ ಗುಂಡಿಗಳಾದವು.

ಇದರಿಂದ ತಿಳಿಯತಕ್ಕದ್ದೇನು? ಒಂದು ಊರಿನ ಬಾಗಿಲು ಮುಚ್ಚಿದರೆ ಕಸವು ಮತ್ತೊಂದು ಊರಿನ ಬಾಗಿಲಿಗೆ ಹೋಗುತ್ತದೆ. ಪಟ್ಟಣದವರು ಕಸವನ್ನು ಬೆರೆಸುತ್ತಿರುವವರೆಗೂ ಯಾವುದೋ ಒಂದು ಹಳ್ಳಿಗೆ ಈ ಪಾಡು ತಪ್ಪಿದ್ದಲ್ಲ. "ನಮ್ಮ ಊರಿಗೆ ಕಸವೇ ಬೇಡ" ಎಂಬ ಮಾತು ನ್ಯಾಯವಾದುದಾದರೂ ಅರ್ಧ ಮಾತು. "ಬೇರ್ಪಡಿಸಿದ ಹಸಿ ಕಸವಾದರೆ ಬರಲಿ, ಬೆರಕೆಯಾದರೆ ಗಾಡಿ ಹಿಂದಿರುಗಲಿ" ಎಂಬುದು ಪೂರ್ಣವಾದ ಮಾತು. ಈ ಮಾತನ್ನು ದೃಢವಾಗಿ ಹೇಳಲು ಶಕ್ತಿಯುಳ್ಳವರು ಭೂಮಿಯನ್ನುಳ್ಳ ರೈತರೂ ಊರಿನ ಮುಖಂಡರೂ ಮಾತ್ರ.

ಬೆರಕೆ ಕಸವು ಗೊಬ್ಬರಕ್ಕೆ ಒದಗದ ಕಾರಣ

ಬೆರಕೆ ಕಸವನ್ನೇ ಕೊಳೆಸಿ ಕಡೆಯಲ್ಲಿ ಜರಡಿ ಹಿಡಿದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ಜರಡಿಯು ಚೀಲವನ್ನೂ ಡಬ್ಬಿಯನ್ನೂ ತಡೆದೀತು. ಗಾಜಿನ ಪುಡಿಯನ್ನು ತಡೆಯಲಾರದು. ಬರಿಗಾಲಿನಲ್ಲಿ ಕಳೆ ಕೀಳುವ ಹೆಂಗಸರಿಗೂ ಗದ್ದೆಯನ್ನು ತುಳಿಯುವ ಎತ್ತಿಗೂ ಆ ಗಾಜು ಎಂತಹ ಅಪಾಯವೆಂಬುದನ್ನು ರೈತನಿಗೆ ವಿವರಿಸಬೇಕಾಗಿಲ್ಲ. ಇದಕ್ಕಿಂತಲೂ ಕೆಟ್ಟದ್ದು ಕಣ್ಣಿಗೆ ಕಾಣದ್ದು. ಸೆಲ್ಲು, ಬಣ್ಣ, ಟ್ಯೂಬ್‌ಲೈಟುಗಳಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸಗಳಿರುತ್ತವೆ. ಕೊಳೆಯುವ ಕಸದ ಹುಳಿಯಲ್ಲಿ ಅವು ಕರಗಿ ಗೊಬ್ಬರದೊಳಗೆ ಸೇರುತ್ತವೆ. ಒಮ್ಮೆ ಹೊಲಕ್ಕೆ ಇಳಿದ ಲೋಹವನ್ನು ಮಳೆಯಾಗಲಿ ಉಳುಮೆಯಾಗಲಿ ಹೊರಹಾಕಲಾರವು. ಅದು ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ. ಈ ಕಾರಣದಿಂದಲೇ 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ ಬಳಿಕ ಸೇರಿದ ನಗರ ಕಾಂಪೋಸ್ಟಿನ ಮಾನದಂಡದಲ್ಲಿ, ಒಂದು ಕಿಲೋ ಗೊಬ್ಬರದಲ್ಲಿ ಸೀಸವು 100 ಮಿಲಿಗ್ರಾಮನ್ನೂ ಕ್ಯಾಡ್ಮಿಯಂ 5 ಮಿಲಿಗ್ರಾಮನ್ನೂ ಮೀರಕೂಡದೆಂದು ಕಟ್ಟುಮಾಡಲಾಯಿತು.

ಹಾಗಾದರೆ ಪಟ್ಟಣದ ಗೊಬ್ಬರದ ಗೊಡವೆಯೇ ಏಕೆಂದು ಕೇಳಬಹುದು. ದನಕರುಗಳು ಕಡಿಮೆಯಾದ ಮನೆಗಳಲ್ಲಿ ತಿಪ್ಪೆಯೂ ಕುಗ್ಗಿದೆ. ಕೆಂಪು ಮಣ್ಣಿನ ಹೊಲಗಳಲ್ಲಿ ಸಾವಯವ ಅಂಶವು ಮೊದಲೇ ಅಲ್ಪ. ಚೀಲದ ಗೊಬ್ಬರವು ಬೆಳೆಗೆ ಆಹಾರವನ್ನು ಕೊಟ್ಟೀತೇ ಹೊರತು, ಮಳೆಯ ನೀರನ್ನು ಹಿಡಿದಿಡುವ ಗುಣವನ್ನು ಮಣ್ಣಿಗೆ ಕೊಡಲಾರದು. ಕೊಟ್ಟಿಗೆಯ ಒಳ್ಳೆಯ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಭಾಗದಷ್ಟು ಸಾರಜನಕವಿರುತ್ತದೆ. ಎಂದರೆ ಎಕರೆಗೆ 3 ಟನ್ನು ಹಾಕಿದಲ್ಲಿ 15 ಕಿಲೋ ಸಾರಜನಕ ಸೇರಿದಂತಾಯಿತು. ಅದರಲ್ಲಿ ಒಂದು ಪಾಲು ಮಾತ್ರ ಮೊದಲನೆಯ ಬೆಳೆಗೆ ಒದಗಿ, ಉಳಿದುದು ಮುಂದಿನ ಬೆಳೆಗಳಿಗೆ ದೊರೆಯುತ್ತದೆ. ಮಳೆ ಹಿಂದೆಗೆದ ವರ್ಷದಲ್ಲಿ ಗೊಬ್ಬರವುಂಡ ಹೊಲದ ರಾಗಿಯು ಇನ್ನೂ ಕೆಲವು ದಿನ ಬಾಡದೆ ನಿಲ್ಲುವುದೇ ಇದರ ನಿಜವಾದ ಲಾಭ. ಶುದ್ಧವಾದ ಹಸಿ ಕಸದಿಂದ ಮಾಡಿದ ಗೊಬ್ಬರವು ಈ ಗುಣದಲ್ಲಿ ಕೊಟ್ಟಿಗೆ ಗೊಬ್ಬರಕ್ಕೆ ಹಿಂದಲ್ಲ.

ಗೊಬ್ಬರ ಮಾಡುವ ಕ್ರಮ

ಗುಂಡಿಗೆ ನೀರು ನಿಲ್ಲದ ಎತ್ತರದ ಸ್ಥಳವನ್ನು ಆರಿಸತಕ್ಕದ್ದು. ಬಾವಿ, ಕೆರೆ, ಹಳ್ಳಗಳಿಗೆ ದೂರವಿರಬೇಕು. ಅಗಲ 6 ಅಡಿ, ಆಳ 3 ಅಡಿ ಇರಲಿ. ಉದ್ದವು ಕಸದ ಪ್ರಮಾಣವನ್ನು ನೋಡಿಕೊಂಡು. ಮಳೆಯ ನೀರು ಒಳಕ್ಕೆ ನುಗ್ಗದಂತೆ ಸುತ್ತಲೂ ಒಂದು ಬದುವನ್ನು ಕಟ್ಟುವುದು ಅವಶ್ಯ.

ಪಟ್ಟಣದ ಹಸಿ ಕಸದಲ್ಲಿ ನೀರಿನ ಅಂಶ ಬಹಳ. ಅದನ್ನೊಂದನ್ನೇ ತುಂಬಿದರೆ ಗಾಳಿಯಾಡದೆ ಹುಳಿತು ನಾರುತ್ತದೆ. ಆದುದರಿಂದ ಒಂದು ಬುಟ್ಟಿ ಹಸಿ ಕಸಕ್ಕೆ ಒಂದು ಬುಟ್ಟಿಯಂತೆ ಒಣ ತರಗು, ಹೊಟ್ಟು, ಕಬ್ಬಿನ ರವದಿ, ತುಂಡರಿಸಿದ ತೊಗರಿ ಕಡ್ಡಿ ಇವುಗಳಲ್ಲಿ ದೊರೆತದ್ದನ್ನು ಸೇರಿಸಬೇಕು. ತಳದಲ್ಲಿ ಒರಟಾದ ಕಡ್ಡಿಕಸವನ್ನು ಅರ್ಧ ಅಡಿ ಹರಡಿ, ಅದರ ಮೇಲೆ ಹಸಿ ಕಸವನ್ನು ಅರ್ಧ ಅಡಿ ಹಾಕಿ, ಸಗಣಿಯ ಬಗ್ಗಡವನ್ನು ಚಿಮುಕಿಸಿ, ಮೇಲೆ ಒಣ ಕಸವನ್ನು ಹರಡಿ, ತೆಳುವಾಗಿ ಮಣ್ಣು ಎರಚುವುದು. ಗುಂಡಿ ತುಂಬಿ ನೆಲದ ಮಟ್ಟಕ್ಕಿಂತ ಒಂದು ಅಡಿ ಮೇಲೇಳುವವರೆಗೂ ಇದೇ ವರಸೆ. ಕಸವನ್ನು ಹಿಡಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಇದೇ ಹದ.

ಇಲ್ಲಿಂದ ಮುಂದಕ್ಕೆ ಎರಡು ಮಾರ್ಗಗಳುಂಟು. ಇಂದೂರು ಪದ್ಧತಿಯಲ್ಲಿ ರಾಶಿಯನ್ನು ಮೂರಾವರ್ತಿ ಮಗುಚಬೇಕು. ತುಂಬಿದ 15ನೆಯ ದಿನ ಒಂದು ಸಲ, 30ನೆಯ ದಿನ ಎರಡನೆಯ ಸಲ, ಎರಡು ತಿಂಗಳಿಗೆ ಮೂರನೆಯ ಸಲ. ಪ್ರತಿ ಸಲವೂ ಹದ ನೋಡಿ ನೀರು ಚಿಮುಕಿಸಬೇಕು. ಗಾಳಿಯಾಡುವುದರಿಂದ ಕೊಳೆಯುವಿಕೆ ಚುರುಕಾಗಿ, ಸುಮಾರು ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಆಳೂ ನೀರೂ ಇರುವವರಿಗೆ ಇದು ತಕ್ಕದ್ದು.

ಬೆಂಗಳೂರು ಪದ್ಧತಿಯಲ್ಲಿ ಮಗುಚುವ ಕೆಲಸವಿಲ್ಲ. ತುಂಬಿದ ರಾಶಿಯನ್ನು ಮಣ್ಣಿನಿಂದ ಮೆತ್ತಿ ಬಿಟ್ಟುಬಿಡುವುದು. ಮೊದಲ ಎಂಟು ಹತ್ತು ದಿನ ಒಳಗೆ ಕಾವೇರಿ, ಬಳಿಕ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತ, 6ರಿಂದ 8 ತಿಂಗಳಿಗೆ ಹದಕ್ಕೆ ಬರುತ್ತದೆ. ಕಾಲ ಹೆಚ್ಚು, ಆದರೆ ಕೂಲಿಯ ವೆಚ್ಚ ಕಡಿಮೆ. ನೀರೂ ಉಳಿಯುತ್ತದೆ. ಮೂಲದಲ್ಲಿ ಈ ಪದ್ಧತಿಯು ಕಸದೊಡನೆ ಮಲವನ್ನೂ ಪದರಪದರವಾಗಿ ಸೇರಿಸುತ್ತಿದ್ದಿತು. ಕೈಯಿಂದ ಮಲವನ್ನೆತ್ತಿಸುವ ಹೀನ ಪದ್ಧತಿಯನ್ನು 1993ರ ಮತ್ತು 2013ರ ಕಾಯಿದೆಗಳು ನಿಷೇಧಿಸಿದುವು. ಅದು ನಿಂತುದೇ ಧರ್ಮ. ಅದರ ಸ್ಥಾನದಲ್ಲಿ ಸಗಣಿಯ ಬಗ್ಗಡವೂ ಕೊಟ್ಟಿಗೆಯ ಗಂಜಳದ ಮಣ್ಣೂ ಚೆನ್ನಾಗಿ ಒದಗುತ್ತವೆ.

ಕಾಲದ ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಬಹುದು. ಮುಂಗಾರಿನ ರಾಗಿಗೆ ಮೇ ಜೂನ್ ತಿಂಗಳಲ್ಲಿ ಗೊಬ್ಬರ ಹೊಲಕ್ಕೆ ಇಳಿಯಬೇಕು. ಬೆಂಗಳೂರು ಪದ್ಧತಿಯ ಗುಂಡಿಯನ್ನು ಅಕ್ಟೋಬರಿನಲ್ಲಿ ತುಂಬಿ ಮುಚ್ಚಿದರೆ ಸಕಾಲಕ್ಕೆ ಸಿದ್ಧವಾಗುತ್ತದೆ. ಇಂದೂರು ಪದ್ಧತಿಗೆ ಜನವರಿಯ ಕೊನೆಯಲ್ಲಿ ತುಂಬಿದರೂ ಸಾಕು.

ರಾಶಿಯ ಕಾವಿನ ವಿಷಯವನ್ನು ಅಲಕ್ಷ್ಯ ಮಾಡಬಾರದು. ಒಳಗಣ ಕಾವು 55 ಡಿಗ್ರಿಗೆ ಏರಿ ಕೆಲವು ದಿನ ಅಲ್ಲಿಯೇ ನಿಂತರೆ ರೋಗದ ಕ್ರಿಮಿಗಳೂ ಕಳೆಯ ಬೀಜಗಳೂ ನಾಶವಾಗುತ್ತವೆ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹೊರಕ್ಕೆಳೆದು ಮುಟ್ಟಿ ನೋಡುವುದು. ಕೈಯಲ್ಲಿ ಹಿಡಿದಿರಲಾಗದಷ್ಟು ಬಿಸಿಯಾಗಿದ್ದರೆ ಕೆಲಸ ಸರಿಯಾಗಿ ನಡೆದಿದೆ. ತಣ್ಣಗಿದ್ದರೆ ನೀರು ಹೆಚ್ಚಾಗಿದೆ, ಇಲ್ಲವೆ ತೀರ ಕಡಿಮೆಯಾಗಿದೆ ಎಂದು ತಿಳಿದು ಸರಿಪಡಿಸತಕ್ಕದ್ದು.

ಕೊಳ್ಳುವ ಗೊಬ್ಬರದ ಪರೀಕ್ಷೆ

ಪಟ್ಟಣದಲ್ಲಿಯೇ ಮಾಡಿದ ಗೊಬ್ಬರವನ್ನು ಕೊಳ್ಳುವ ರೈತನು ಗಾಡಿಯನ್ನು ಇಳಿಸಿಕೊಳ್ಳುವ ಮೊದಲು ಕೆಲವು ಪರೀಕ್ಷೆಗಳನ್ನು ಮಾಡುವುದು ಒಳ್ಳೆಯದು.

ಮೊದಲನೆಯದು ವಾಸನೆ. ಹದವಾದ ಗೊಬ್ಬರಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆಯಿರುತ್ತದೆ. ಮೂಗಿಗೆ ಘಾಟು ಬಡಿದರೆ, ಇಲ್ಲವೆ ನಾತ ಹೊಡೆದರೆ ಅದು ಇನ್ನೂ ಕೊಳೆತಿಲ್ಲ. ಎರಡನೆಯದು ಜರಡಿ. ಗಾಡಿಯ ಮೇಲಿನಿಂದಲ್ಲ, ನಡುವಿನಿಂದಲೂ ತಳದಿಂದಲೂ ಒಂದೊಂದು ಬುಟ್ಟಿ ತೆಗೆದು ಒಣಗಿಸಿ ಜಾಲಿಸಿ ನೋಡಬೇಕು. ಗಾಜಿನ ಚೂರೊಂದು ಕಂಡರೂ ಗಾಡಿಯನ್ನು ಹಿಂದಕ್ಕೆ ಕಳುಹಿಸುವುದೇ ಸರಿ. ಮೂರನೆಯದು ಮೊಳಕೆ. ಎರಡು ಕುಂಡಗಳನ್ನು ತೆಗೆದುಕೊಂಡು, ಒಂದರಲ್ಲಿ ಬರಿಯ ಮಣ್ಣನ್ನೂ ಇನ್ನೊಂದರಲ್ಲಿ ಮಣ್ಣು ಗೊಬ್ಬರಗಳನ್ನು ಸಮನಾಗಿ ಬೆರೆಸಿಯೂ ತುಂಬಿ, ಎರಡರಲ್ಲಿಯೂ ಇಪ್ಪತ್ತಿಪ್ಪತ್ತು ಹೆಸರುಕಾಳು ಬಿತ್ತುವುದು. ಒಂದು ವಾರದಲ್ಲಿ ಗೊಬ್ಬರದ ಕುಂಡದ ಮೊಳಕೆ ಕಡಿಮೆಯಾಗಿದ್ದರೆ, ಇಲ್ಲವೆ ಹಳದಿ ತಿರುಗಿದ್ದರೆ ಆ ಗೊಬ್ಬರವನ್ನು ಹೊಲಕ್ಕೆ ಹಾಕಲಾಗದು. ಏತಕ್ಕೆಂದರೆ ಅರೆಕೊಳೆತ ಕಸವು ಹೊಲದಲ್ಲಿ ಕೊಳೆಯುವುದನ್ನು ಮುಂದುವರಿಸುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗಾಗಿ ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದುಕೊಂಡು ಬೆಳೆಯನ್ನು ಉಪವಾಸವಿಡುತ್ತವೆ. ನಾಲ್ಕನೆಯದು ಪ್ರಯೋಗಶಾಲೆಯ ವರದಿ. ಲೋಹದ ಅಂಶವನ್ನು ಕಣ್ಣೂ ಮೂಗೂ ಅರಿಯಲಾರವು. ಆದಕಾರಣ ಮಾರುವವನಿಂದ ಪರೀಕ್ಷೆಯ ಪತ್ರವನ್ನು ಕೇಳಿ ಪಡೆಯುವುದು ಕೊಳ್ಳುವವನ ಹಕ್ಕು.

ಊರಿನವರು ಹಾಕಬೇಕಾದ ಕಟ್ಟುಗಳು

ಪಾಳುಬಿದ್ದ ಜಮೀನನ್ನೋ ಬತ್ತಿದ ಕ್ವಾರಿಯನ್ನೋ ಕಸಕ್ಕೆ ಬಾಡಿಗೆ ಕೊಟ್ಟರೆ ಕೈಗೆ ಹಣ ಬರುತ್ತದೆಂದು ಆಸೆಪಡುವ ಮಾಲೀಕರುಂಟು. ಹಣವು ಒಬ್ಬನಿಗೆ; ಕೊಳೆನೀರು ಊರಿಗೆಲ್ಲ. ಆದುದರಿಂದ ಇಂತಹ ಒಪ್ಪಂದವು ಒಬ್ಬನ ಮನೆಯ ಜಗುಲಿಯಲ್ಲಿ ಆಗತಕ್ಕದ್ದಲ್ಲ; ಗ್ರಾಮಸಭೆಯ ಮುಂದೆ, ಎಲ್ಲರೂ ಕೇಳುವಂತೆ ಆಗಬೇಕು. 2016ರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಕಸ ತುಂಬುವ ಸ್ಥಳವು ನದಿಯಿಂದ 100 ಮೀಟರು, ಕೊಳದಿಂದಲೂ ಜನವಸತಿಯಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ 200 ಮೀಟರು ದೂರವಿರಬೇಕೆಂದು ವಿಧಿಸಿದುವು. ಇದೇ ನಿಯಮಗಳು ಮನೆಯ ಕಸವನ್ನು ಹಸಿ, ಒಣ, ಅಪಾಯಕರ ಎಂಬ ಮೂರು ಬಗೆಯಾಗಿ ಬೇರ್ಪಡಿಸುವ ಹೊಣೆಯನ್ನು ಕಸ ಹಾಕುವವರ ಮೇಲೆಯೇ ಇಟ್ಟವು. ಬೇರ್ಪಡಿಸಿರೆಂದು ಕೇಳುವ ಹಳ್ಳಿಯವನು ದಾಕ್ಷಿಣ್ಯವನ್ನು ಬೇಡುತ್ತಿಲ್ಲ. ಕಾನೂನು ಹೇಳಿದುದನ್ನೇ ಹೇಳುತ್ತಿದ್ದಾನೆ.

ಹಸಿ ಕಸವನ್ನು ಗೊಬ್ಬರಕ್ಕಾಗಿ ಪಡೆಯಲು ಒಪ್ಪುವ ಊರಿನವರು ಈ ಕಟ್ಟುಗಳನ್ನು ಬರಹದಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ಗಾಡಿಯು ಹಗಲಿನಲ್ಲಿಯೇ ಬರಬೇಕು. ಊರಿನವರೊಬ್ಬರು ನೋಡಿದ ಬಳಿಕವೇ ಇಳಿಸಬೇಕು. ಬೆರಕೆ ಕಂಡ ಗಾಡಿಯು ತನ್ನ ಖರ್ಚಿನಲ್ಲಿಯೇ ಹಿಂದಿರುಗಬೇಕು. ಎಷ್ಟು ಕಸ ಬಂದಿತು, ಎಷ್ಟು ಗೊಬ್ಬರ ಹೋಯಿತು ಎಂಬುದರ ಲೆಕ್ಕವನ್ನು ಪಂಚಾಯತಿಯಲ್ಲಿ ಇಡಬೇಕು. ಸುತ್ತಣ ಬಾವಿಗಳ ನೀರನ್ನು ಕೆಲಸ ಮೊದಲಾಗುವ ಮುನ್ನ ಒಮ್ಮೆಯೂ, ಆಮೇಲೆ ವರ್ಷಕ್ಕೆರಡು ಸಲವೂ ಪರೀಕ್ಷೆ ಮಾಡಿಸಬೇಕು. ಮೊದಲಿನ ಪರೀಕ್ಷೆಯಿಲ್ಲದೆ ಹೋದರೆ ನೀರು ಕೆಟ್ಟ ಮೇಲೆ ಅದು ಮುಂಚೆ ಚೆನ್ನಾಗಿತ್ತೆಂದು ತೋರಿಸಲು ಸಾಕ್ಷ್ಯವೇ ಇರುವುದಿಲ್ಲ.

ಊರಿನ ತಿಪ್ಪೆ

ಪಟ್ಟಣದವರನ್ನು ಕಟ್ಟುಮಾಡುವವರು ತಮ್ಮ ಹಿತ್ತಿಲನ್ನೂ ಒಮ್ಮೆ ನೋಡಿಕೊಳ್ಳಬೇಕು. ಅಂಗಡಿಯ ಪೊಟ್ಟಣಗಳು ಹಳ್ಳಿಗೂ ಬಂದಿವೆ. ಶಾಂಪೂವಿನ ಚೀಟಿ, ಗುಟ್ಕಾದ ಪೊಟ್ಟಣ, ಔಷಧ ಸಿಂಪಡಿಸಿದ ಡಬ್ಬಿ ಇವು ಸಗಣಿಯೊಡನೆ ತಿಪ್ಪೆಗೆ ಬಿದ್ದು, ಉಳುಮೆಯಲ್ಲಿ ಹೊಲದ ತುಂಬ ಹರಡುತ್ತವೆ. ಚೀಲದಲ್ಲಿ ಕಟ್ಟಿ ಎಸೆದ ಅನ್ನವನ್ನು ಚೀಲದೊಡನೆಯೇ ನುಂಗಿದ ಹಸುವು ಹೊಟ್ಟೆಯುಬ್ಬಿ ಸಾಯುವುದನ್ನು ಹಲವರು ಕಂಡಿದ್ದಾರೆ. ಪ್ರತಿ ಮನೆಯಲ್ಲಿ ಒಂದು ಚೀಲವನ್ನು ಗೂಟಕ್ಕೆ ನೇತುಹಾಕಿ, ಕೊಳೆಯದ ಕಸವನ್ನೆಲ್ಲ ಅದಕ್ಕೆ ಹಾಕುವ ರೂಢಿ ಮಾಡಿಕೊಂಡರೆ ತಿಪ್ಪೆ ಶುದ್ಧವಾಗುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಊರಿನ ಯಜಮಾನರ ಮನೆಯಲ್ಲಿ ಮೊದಲು ಆದದ್ದು ಉಳಿದ ಮನೆಗಳಲ್ಲಿ ತಾನಾಗಿ ಆಗುತ್ತದೆ.

ಪಟ್ಟಣವು ಹಳ್ಳಿಯಿಂದ ಕೊಂಡುಹೋದ ಸಾರವನ್ನು ಹಿಂದಿರುಗಿಸುವುದು ಉಪಕಾರವಲ್ಲ, ಋಣ. ಋಣವನ್ನು ತೀರಿಸುವವನು ಒಳ್ಳೆಯ ನಾಣ್ಯವನ್ನೇ ಎಣಿಸಿ ಕೊಡಬೇಕು. ಕೊಳ್ಳುವವನು ಒಂದೊಂದನ್ನೂ ನೋಡಿಯೇ ಗಂಟು ಕಟ್ಟಬೇಕು. ಬರುವ ಅಕ್ಟೋಬರಿನಲ್ಲಿ ಪ್ರತಿ ಊರಿನಲ್ಲಿಯೂ ಕೊನೆಗೆ ಒಂದು ಗುಂಡಿಯನ್ನಾದರೂ ಮೇಲೆ ಹೇಳಿದ ಕ್ರಮದಲ್ಲಿ ತುಂಬಿ, ಮುಂಗಾರಿಗೆ ಅದರ ಗೊಬ್ಬರವನ್ನು ಅರ್ಧ ಎಕರೆಗೆ ಹಾಕಿ, ಪಕ್ಕದ ಅರ್ಧ ಎಕರೆಯನ್ನು ಹಾಗೆಯೇ ಬಿಟ್ಟು, ಸುಗ್ಗಿಯಲ್ಲಿ ಎರಡರ ರಾಶಿಯನ್ನೂ ಬೇರೆ ಬೇರೆ ಅಳೆದು ನೋಡುವುದು. ಆ ಕಣದಲ್ಲಿ ನಿಂತು ಅಳತೆಯನ್ನು ಕಂಡ ರೈತನಿಗೆ ಬೇರೆ ಉಪನ್ಯಾಸದ ಅಗತ್ಯವಿರುವುದಿಲ್ಲ.